ಕರ್ತೃವೇ ಇಲ್ಲವೆಂದ ಮೇಲೆ ಪ್ರಯತ್ನ ಯಾರದು?

ಪ್ರಶ್ನೆ: ಹಿಪ್ಪುನೇರಳೆ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ವೇದಾಂತವನ್ನು ಗುರುಮುಖದಿಂದ ಕ್ರಮವಾಗಿ ಓದಿದವನಲ್ಲ. ಆದರೆ ಒಂದು ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕುಳಿತಿರುವುದರಿಂದ ಬಲ್ಲವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ನಮ್ಮದು ರೇಷ್ಮೆ ಬೆಳೆಯುವ ಕುಟುಂಬ. ತೋಟ ಮತ್ತು ಹುಳುಮನೆ ಎರಡನ್ನೂ ನಾನು ಮತ್ತು ನನ್ನ ತಮ್ಮ ಸೇರಿ ನೋಡಿಕೊಳ್ಳುತ್ತೇವೆ. ಈಚೆಗೆ ತಮ್ಮನು ಮೊಬೈಲಿನಲ್ಲಿ ಅದ್ವೈತದ ಪ್ರವಚನಗಳನ್ನು ಬಿಡದೆ ಕೇಳುತ್ತಿದ್ದಾನೆ. ಅದರಿಂದ ಅವನಿಗೆ ಒಳ್ಳೆಯದೂ ಆಗಿದೆ. ಮೊದಲಿನ ಸಿಡುಕು ಈಗಿಲ್ಲ, ಅಮ್ಮನ ಜೊತೆ ಜಗಳವಿಲ್ಲ. ಆದರೆ ಆ ಪ್ರವಚನಗಳಿಂದ ಅವನು ಎತ್ತಿಕೊಂಡಿರುವ ಸಾರ ಇಷ್ಟು: ಮಾಡುವವನು ಎಂಬ ಒಬ್ಬನು ಇಲ್ಲವೇ ಇಲ್ಲ, ನಾನು ಆರಿಸಿಕೊಂಡೆ ಎನ್ನುವುದು ಭ್ರಮೆ, ಎಲ್ಲವೂ ತನ್ನಷ್ಟಕ್ಕೆ ತಾನು ಆಗುತ್ತದೆ, ಇದನ್ನು ತಿಳಿದುಕೊಳ್ಳುವುದೇ ಅದ್ವೈತ.

ಹೋದ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ರೆಯಿಂದ, ಎದ್ದಿತ್ತು. ರೇಷ್ಮೆಯವರಿಗೆ ಗೊತ್ತು, ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಬಹುಪಾಲು ಆಮೇಲಿನ ಕೆಲವೇ ದಿನಗಳಲ್ಲಿ ಖರ್ಚಾಗುತ್ತದೆ. ಹುಳು ತಿನ್ನುವ ಸದ್ದು ಬಾಗಿಲ ಹೊರಗೂ ಕೇಳುತ್ತಿರುತ್ತದೆ. ರಾತ್ರಿಯ ಸೊಪ್ಪು ಹಾಕುವ ಸರದಿ ತಮ್ಮನದು. ಅವನು ಹಾಕಲಿಲ್ಲ. ಬೆಳಿಗ್ಗೆ ನಾನು ಹೋಗುವಾಗ ತಟ್ಟೆಗಳಲ್ಲಿ ಬರಿಯ ಕಡ್ಡಿ ಮತ್ತು ಹಿಕ್ಕೆ ಉಳಿದಿದ್ದವು, ಹುಳುಗಳು ತಲೆಯೆತ್ತಿಕೊಂಡು ಅಂಚಿಗೆ ಹರಿದಿದ್ದವು. ಆ ಬೆಳೆ ಒಂದೇ ಸಮನಾಗಿ ಹಣ್ಣಾಗಲಿಲ್ಲ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದೇ ಕಷ್ಟವಾಯಿತು, ಗೂಡು ತೆಳುವಾಗಿ ಬೆಲೆ ಬಿತ್ತು. ಏಕೆ ಹೀಗೆ ಮಾಡಿದೆಯೆಂದು ಕೇಳಿದ್ದಕ್ಕೆ, "ಅಣ್ಣ, ಹಾಕಬೇಕು ಎನ್ನುವ ಸಂಕಲ್ಪವೇ ಹುಟ್ಟಲಿಲ್ಲ. ಹುಟ್ಟದ ಸಂಕಲ್ಪಕ್ಕೆ ನಾನು ಹೇಗೆ ಹೊಣೆ?" ಎಂದು ಬಹಳ ಶಾಂತವಾಗಿ ಹೇಳಿದ. ಅವನು ಸೋಮಾರಿಯೂ ಅಲ್ಲ, ಸುಳ್ಳನೂ ಅಲ್ಲ. ನಂಬಿ ಹೇಳಿದ ಮಾತು ಅದು. ಆದ್ದರಿಂದಲೇ ನನಗೆ ಉತ್ತರ ತೋಚಲಿಲ್ಲ.

ಅವನು ಕೊಡುವ ಆಧಾರಗಳೂ ಹಗುರವಾದವಲ್ಲ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಪ್ರಕೃತಿಯ ಗುಣಗಳೇ ಕರ್ಮಗಳನ್ನೆಲ್ಲ ಮಾಡುತ್ತವೆ, ಅಹಂಕಾರದಿಂದ ಮೂಢನಾದವನು ನಾನು ಕರ್ತೃ ಎಂದುಕೊಳ್ಳುತ್ತಾನೆ ಎಂದಿದೆ. ನಾವು ಏನನ್ನಾದರೂ ನಿರ್ಧರಿಸುವುದಕ್ಕೆ ಮೊದಲೇ ಮೆದುಳು ನಿರ್ಧರಿಸಿರುತ್ತದೆಯೆಂದು ಒಂದು ಪ್ರಯೋಗದಲ್ಲಿ ತೋರಿಸಿದ್ದಾರಂತೆ. ಇನ್ನು ನಮ್ಮ ಕೈವಾರದ ಯೋಗಿ ತಾತಯ್ಯನವರು (ನಾರಾಯಣಪ್ಪನವರು) ಮುಂದಾಗುವುದನ್ನೆಲ್ಲ ಕಾಲಜ್ಞಾನದಲ್ಲಿ ಹೇಳಿಟ್ಟಿದ್ದಾರೆ. ಹೇಳಿಟ್ಟದ್ದು ನಡೆಯುವುದೇ ಆದರೆ ಆರಿಸುವುದಕ್ಕೆ ಏನು ಉಳಿಯಿತು ಎನ್ನುತ್ತಾನೆ.

ಶಂಕರಾಚಾರ್ಯರು ನಿಜವಾಗಿ ಹೇಳಿರುವುದು ಇದನ್ನೇ ಏನು? ಇದನ್ನೇ ಎಂದಾದರೆ, ತಮ್ಮನ ಮೇಲೆ ಕೋಪಿಸಿಕೊಳ್ಳುವುದಕ್ಕಾಗಲಿ, ನಾಳೆಯಿಂದ ಸರಿಯಾಗಿ ಮಾಡು ಎನ್ನುವುದಕ್ಕಾಗಲಿ ನನಗೆ ಯಾವ ಆಧಾರವಿದೆ?

ಉತ್ತರ: ಕೋಲಾರದ ಮೇಷ್ಟ್ರು

ಮಾನ್ಯರೇ, ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು ನಾನು, ಭಾಷ್ಯಗಳನ್ನು ಇಂದಿಗೂ ಓದುತ್ತಿರುವವನು. ನಿಮ್ಮ ಪ್ರಶ್ನೆಯನ್ನು ಭಾಷ್ಯಕಾರರಾದ ಶಂಕರರು ತಾವೇ ಎದುರಿಗಿಟ್ಟುಕೊಂಡು ಚರ್ಚಿಸಿದ್ದಾರೆ. ಅದೂ ಒಂದೆರಡು ಸಾಲಿನಲ್ಲಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ, ಮೂರನೆಯ ಪಾದದಲ್ಲಿ 33ನೆಯ ಸೂತ್ರದಿಂದ 42ನೆಯ ಸೂತ್ರದವರೆಗೆ ಜೀವಾತ್ಮನ ಕರ್ತೃತ್ವದ, ಎಂದರೆ ಅವನು ಮಾಡುವವನೇ ಎಂಬುದರ, ವಿಚಾರವೇ ಇದೆ. ಅದ್ವೈತದಲ್ಲಿ ಕರ್ತೃವಿಲ್ಲ ಎಂದು ಸಾರುವವರು ಈ ಭಾಗದ ಹೆಸರೆತ್ತುವುದನ್ನು ನಾನು ಅಪರೂಪಕ್ಕೂ ಕೇಳಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಸಹನೆಯಿಂದ ಓದಬೇಕು.

ಮೊದಲ ಸೂತ್ರವೇ "ಕರ್ತಾ ಶಾಸ್ತ್ರಾರ್ಥವತ್ತ್ವಾತ್". ಜೀವನು ಕರ್ತೃ, ಹಾಗಲ್ಲದಿದ್ದರೆ ಇದನ್ನು ಮಾಡು, ಇದನ್ನು ಬಿಡು ಎನ್ನುವ ಶಾಸ್ತ್ರ ಅರ್ಥವಿಲ್ಲದ್ದಾಗುತ್ತದೆ. ಶಂಕರರು ಇದನ್ನು ತಳ್ಳಿಹಾಕುವುದಿಲ್ಲ, ಒಪ್ಪಿ ಸಮರ್ಥಿಸುತ್ತಾರೆ. ಅನಂತರ 40ನೆಯ ಸೂತ್ರದಲ್ಲಿ ಬಡಗಿಯ ದೃಷ್ಟಾಂತ ಬರುತ್ತದೆ. ಬಾಚಿಯೇ ಮೊದಲಾದ ಉಪಕರಣಗಳನ್ನು ಕೈಯಲ್ಲಿ ಹಿಡಿದಿರುವಾಗ ಬಡಗಿ ಕರ್ತೃ, ದಣಿಯುವವನೂ ಅವನೇ. ಮನೆಗೆ ಬಂದು ಅವನ್ನು ಕೆಳಗಿಟ್ಟ ಮೇಲೆ ಅವನು ಏನನ್ನೂ ಮಾಡದೆ ಸ್ವಸ್ಥನಾಗಿ, ಸುಖವಾಗಿರುತ್ತಾನೆ. ಹಾಗೆಯೇ ಆತ್ಮನಿಗೆ ಕರ್ತೃತ್ವ ಬಂದಿರುವುದು ಬುದ್ಧಿಯೇ ಮೊದಲಾದ ಉಪಾಧಿಗಳ, ಎಂದರೆ ಹೊರಗಿನಿಂದ ಅಂಟಿಕೊಂಡವುಗಳ, ಸಂಬಂಧದಿಂದ, ಸ್ವಭಾವದಿಂದಲ್ಲ. ಸ್ವಭಾವದಿಂದಲೇ ಬಂದಿದ್ದರೆ, ಬೆಂಕಿಗೆ ಬಿಸಿಯು ಬಿಡದಂತೆ ಅದೂ ಬಿಡುತ್ತಿರಲಿಲ್ಲ, ಮೋಕ್ಷವೆಂಬುದೇ ಇರುತ್ತಿರಲಿಲ್ಲ ಎಂಬುದು ಅವರ ವಾದ.

ಇಲ್ಲಿ ಗಮನಿಸಬೇಕಾದದ್ದಿದೆ. ಕರ್ತೃತ್ವ ಉಪಾಧಿಯಿಂದ ಬಂದದ್ದು ಎಂದರೆ ಉಪಾಧಿ ಇರುವಷ್ಟು ಕಾಲ ಕರ್ತೃತ್ವ ಇದ್ದೇ ಇದೆ ಎಂದಾಯಿತು. ಬಾಚಿ ಕೈಯಲ್ಲಿರುವಾಗಲೇ "ನಾನು ಬಡಗಿಯಲ್ಲ" ಎನ್ನುವುದಕ್ಕೆ ಈ ದೃಷ್ಟಾಂತದಲ್ಲಿ ಎಡೆಯಿಲ್ಲ.

ಇನ್ನು ಈಶ್ವರನ ವಿಷಯ. 41ನೆಯ ಸೂತ್ರದಲ್ಲಿ ಜೀವನ ಈ ಕರ್ತೃತ್ವವೂ ಪರಮೇಶ್ವರನ ಅಧೀನವೆಂದು ಹೇಳಿದೆ. ಯಾರನ್ನು ಮೇಲಕ್ಕೆ ಒಯ್ಯಬೇಕೆಂದಿರುವನೋ ಅವನಿಂದ ಈಶ್ವರನೇ ಒಳ್ಳೆಯ ಕೆಲಸ ಮಾಡಿಸುತ್ತಾನೆ ಎಂಬ ಕೌಷೀತಕಿ ಉಪನಿಷತ್ತಿನ ವಾಕ್ಯ ಇಲ್ಲಿ ಬರುತ್ತದೆ. ಹಾಗಾದರೆ ಈಶ್ವರ ಪಕ್ಷಪಾತಿಯಾದ, ಮನುಷ್ಯ ಸೂತ್ರದ ಬೊಂಬೆಯಾದ ಎಂಬ ಆಕ್ಷೇಪ ಏಳುತ್ತದಲ್ಲ, ಅದಕ್ಕೆ ಉತ್ತರ 42ನೆಯ ಸೂತ್ರ: ಈಶ್ವರನು ಜೀವನು ಮಾಡಿದ ಪ್ರಯತ್ನವನ್ನು ಅಪೇಕ್ಷಿಸಿಯೇ ಮಾಡಿಸುತ್ತಾನೆ. ಮಳೆ ಎಲ್ಲ ಬೀಜಗಳಿಗೂ ಒಂದೇ. ಬತ್ತ ಬತ್ತವಾಗಿ, ಜವೆ ಜವೆಯಾಗಿ ಬೆಳೆಯುವುದು ಅದರದರ ಬೀಜದಿಂದ. ಮಳೆಯಿಲ್ಲದೆ ಯಾವುದೂ ಬೆಳೆಯದು, ಬೀಜವಿಲ್ಲದ ಕಡೆ ಬರಿಯ ಮಳೆಯಿಂದಲೂ ಏನೂ ಬೆಳೆಯದು. ಮುಗಿಲು ನೋಡುತ್ತ ಬದುಕುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಭಾಷ್ಯದಲ್ಲಿ ಒಂದು ವಾಕ್ಯವಿದೆ, ಅದನ್ನು ನಿಮ್ಮ ತಮ್ಮನಿಗೆ ಓದಿ ಹೇಳಬಹುದು: "ಪರಾಯತ್ತೇಽಪಿ ಹಿ ಕರ್ತೃತ್ವೇ ಕರೋತ್ಯೇವ ಜೀವಃ". ಕರ್ತೃತ್ವವು ಇನ್ನೊಬ್ಬನ ಅಧೀನವಾಗಿದ್ದರೂ ಜೀವನು ಮಾಡಿಯೇ ಮಾಡುತ್ತಾನೆ. ಮಾಡುತ್ತಿರುವವನಿಂದಲೇ ಈಶ್ವರನು ಮಾಡಿಸುತ್ತಾನೆ ಎಂದು ಅದರ ಮುಂದಿನ ಮಾತು.

ಗೀತೆಯ 3.27ನ್ನು ತಮ್ಮ ಹೇಳಿದ್ದು ಸರಿ. ಆದರೆ ಅದೇ ಅಧ್ಯಾಯದಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಬೇಕಾಗಿತ್ತು. 33ನೆಯ ಶ್ಲೋಕ ಇನ್ನೂ ಕಠಿಣವಾಗಿದೆ: ಜ್ಞಾನಿಯೂ ತನ್ನ ಪ್ರಕೃತಿಗೆ ತಕ್ಕಂತೆಯೇ ನಡೆಯುತ್ತಾನೆ, ನಿಗ್ರಹ ಏನು ಮಾಡೀತು? ಇಷ್ಟಕ್ಕೇ ನಿಲ್ಲಿಸಿದರೆ ತಮ್ಮನೇ ಗೆದ್ದಂತೆ. ಶಂಕರರು ಮುಂದಿನ ಶ್ಲೋಕಕ್ಕೆ ಪೀಠಿಕೆಯಾಗಿ ನಿಮ್ಮ ಪ್ರಶ್ನೆಯನ್ನೇ ಎತ್ತುತ್ತಾರೆ. ಎಲ್ಲರೂ ಪ್ರಕೃತಿಯಂತೆಯೇ ನಡೆಯುವುದಾದರೆ, ಪ್ರಕೃತಿಯಿಲ್ಲದವನು ಯಾವನೂ ಇಲ್ಲದಿರುವುದರಿಂದ, ಪುರುಷಪ್ರಯತ್ನಕ್ಕೆ ಜಾಗವೇ ಇಲ್ಲದಂತಾಗಿ ಶಾಸ್ತ್ರ ವ್ಯರ್ಥವಾಗುವುದಲ್ಲ ಎಂದು. ಅವರು ಕೊಡುವ ಉತ್ತರ ಬಹಳ ಸೂಕ್ಷ್ಮವಾದದ್ದು. ಪ್ರಕೃತಿ ಮನುಷ್ಯನನ್ನು ನೇರವಾಗಿ ದೂಡುವುದಿಲ್ಲ. ರಾಗ ಮತ್ತು ದ್ವೇಷಗಳನ್ನು ಮುಂದಿಟ್ಟುಕೊಂಡೇ ದೂಡುತ್ತದೆ. ರಾಗದ್ವೇಷಗಳ ವಶಕ್ಕೆ ಹೋದಾಗ ಮನುಷ್ಯ ಪ್ರಕೃತಿಯ ವಶ. ಅವುಗಳಿಗೆ ಎದುರಾದ ಭಾವನೆಯಿಂದ ಅವನ್ನು ತಡೆದಾಗ ಅವನು ಶಾಸ್ತ್ರದೃಷ್ಟಿಯುಳ್ಳವನಾಗುತ್ತಾನೆ, ಪ್ರಕೃತಿವಶನಲ್ಲ. ಪ್ರಯತ್ನಕ್ಕೆ ಇರುವ ಸ್ಥಳ ಅದು. ಒಂದು ಇಷ್ಟ ಅಥವಾ ಅನಿಷ್ಟ ತಲೆಯೆತ್ತುವುದಕ್ಕೂ ಕೈಕಾಲು ಅದರ ಹಿಂದೆ ಹೋಗುವುದಕ್ಕೂ ನಡುವೆ ಇರುವ ಜಾಗ. ಹಿರಿದಲ್ಲ, ಆದರೆ ಇದೆ. ರಾತ್ರಿ ಹಾಸಿಗೆ ಬಿಟ್ಟು ಏಳಲು ಮನಸ್ಸಿಲ್ಲದಿರುವುದು ಪ್ರಕೃತಿ. ಸೊಪ್ಪಿನ ಹೊತ್ತಾಯಿತೆಂದು ನೆನಪಾದದ್ದನ್ನು ಹಿಡಿದುಕೊಂಡು ಏಳುವುದು ಆ ಜಾಗದಲ್ಲಿ ನಡೆಯುವ ಕೆಲಸ.

ಸಂಕಲ್ಪ ಹುಟ್ಟಲಿಲ್ಲ ಎಂಬ ಅವನ ಮಾತು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಸಂಕಲ್ಪ ಹುಟ್ಟುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲವೆಂಬುದನ್ನು ಧ್ಯಾನಕ್ಕೆ ಕುಳಿತ ಯಾರೇ ಆದರೂ ಬೇಗ ಕಂಡುಕೊಳ್ಳುತ್ತಾರೆ. ಆದರೆ ಅವನಿಗೆ ನೀವು ಕೇಳಬೇಕಾದ ಪ್ರಶ್ನೆ ಬೇರೆ. ಗೂಡಿನ ಹಣದಲ್ಲಿ ಅವನ ಪಾಲನ್ನು ಅವನು ತೆಗೆದುಕೊಂಡನೇ? ಬೆಲೆ ಬಿದ್ದದ್ದಕ್ಕೆ ಅವನಿಗೆ ಸ್ವಲ್ಪವಾದರೂ ಬೇಸರವಾಯಿತೇ? ಯಾರಾದರೂ ಅವನನ್ನು ಹೊಗಳಿದರೆ ಮುಖ ಅರಳುತ್ತದೆಯೇ? ಅದ್ವೈತದಲ್ಲಿ ಕರ್ತೃತ್ವ ಮತ್ತು ಭೋಕ್ತೃತ್ವ (ಫಲವನ್ನು ಉಣ್ಣುವವನು ನಾನು ಎಂಬುದು) ಎರಡೂ ಒಂದೇ ಅಧ್ಯಾಸದಿಂದ, ಎಂದರೆ ಒಂದನ್ನು ಇನ್ನೊಂದೆಂದು ತಿಳಿಯುವ ತಪ್ಪಿನಿಂದ, ಬಂದವು; ಬಿದ್ದರೆ ಎರಡೂ ಒಟ್ಟಿಗೆ ಬೀಳಬೇಕು. ಮಾಡುವವನು ನಾನಲ್ಲ, ಆದರೆ ಉಣ್ಣುವವನು ನಾನು ಎಂಬ ಸ್ಥಿತಿಯನ್ನು ಯಾವ ಆಚಾರ್ಯರೂ ಜ್ಞಾನವೆಂದು ಹೇಳಿಲ್ಲ. ನನ್ನ ಮಟ್ಟಿಗೆ ಈ ಇಡೀ ಗೊಂದಲವನ್ನು ಬಿಡಿಸುವ ತುದಿ ಇದೇ. ಇಂದು ಅದ್ವೈತವೆಂದು ಹಂಚಲಾಗುತ್ತಿರುವ ಬಹಳಷ್ಟು ಮಾತುಗಳಲ್ಲಿ ಕರ್ತೃವನ್ನು ಮಾತ್ರ ಮನೆಯಿಂದ ಹೊರಗೆ ಹಾಕಿ ಭೋಕ್ತೃವನ್ನು ಒಳಗೇ ಉಳಿಸಿಕೊಳ್ಳುತ್ತಾರೆ, ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ತಮ್ಮ ಕೇಳುತ್ತಿರುವ ಮಾತಿನ ಮೂಲ ಬಹುಶಃ ಮುಂಬಯಿಯ ಕಡೆಯದು. ನಿಸರ್ಗದತ್ತ ಮಹಾರಾಜರ ಶಿಷ್ಯರಾಗಿದ್ದ, ಬ್ಯಾಂಕ್ ಆಫ್ ಇಂಡಿಯಾದ ಮುಖ್ಯಸ್ಥರಾಗಿ ನಿವೃತ್ತರಾದ ರಮೇಶ ಬಾಳ್ಸೇಕರ್ (1917–2009) ಅವರು ವೈಯಕ್ತಿಕ ಕರ್ತೃ ಇಲ್ಲವೆಂಬುದನ್ನೇ ತಮ್ಮ ಬೋಧೆಯ ಕೇಂದ್ರವಾಗಿಸಿದರು. ಆದರೆ ಅವರೂ ದಿನನಿತ್ಯದ ಬದುಕಿನಲ್ಲಿ ಸ್ವತಂತ್ರ ಇಚ್ಛೆ ಇದೆ ಎಂಬಂತೆಯೇ ನಡೆದುಕೊಳ್ಳಬೇಕೆಂದು ಹೇಳುತ್ತಿದ್ದರು. ಪ್ರವಚನದ ತುಣುಕುಗಳಲ್ಲಿ ಈ ಎರಡನೆಯ ಭಾಗ ಉಳಿಯುವುದು ಕಷ್ಟ.

ಉತ್ತರ: ಶ್ರವಣ, ತುಮಕೂರು

ಅಣ್ಣಾವ್ರೇ, ಮೇಷ್ಟ್ರು ಹೇಳಿದ ಶಾಸ್ತ್ರವನ್ನು ನಾನು ಗೌರವದಿಂದ ಓದಿದೆ. ಆದರೆ ಸೂತ್ರಭಾಷ್ಯದವರೆಗೆ ಹೋಗದೆಯೂ ನಮ್ಮ ಕನ್ನಡದಲ್ಲೇ ಈ ವಿಷಯಕ್ಕೆ ತೀರ್ಪಿನಂಥ ಮಾತಿದೆ. "ಮಾಡಿದೆನೆಂಬುದು ಮನದಲ್ಲಿ ಹೊಳೆದಡೆ ಏಡಿಸಿ ಕಾಡಿತ್ತು ಶಿವನ ಡಂಗುರ" ಎಂದು ಬಸವಣ್ಣನವರು ಹೇಳಿದರು. ಇಲ್ಲಿ ಬಿಡಬೇಕಾದದ್ದು ಮಾಡಿದೆನೆಂಬ ಭಾವವನ್ನು, ಮಾಡುವುದನ್ನಲ್ಲ. ಲಿಂಗಕ್ಕೆ ಮಾಡಿದೆನೆನ್ನದಿರು, ಜಂಗಮಕ್ಕೆ ಮಾಡಿದೆನೆನ್ನದಿರು ಎಂದು ಮುಂದುವರಿಯುವ ಆ ವಚನ, ಮಾಡುವ ಕೆಲಸ ನಡೆಯುತ್ತಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡೇ ಮಾತಾಡುತ್ತಿದೆ. ಏನನ್ನೂ ಮಾಡದವನಿಗೆ ಆ ಎಚ್ಚರಿಕೆಯ ಅಗತ್ಯವೇ ಇಲ್ಲ.

ನಾನು ಸಿದ್ಧಗಂಗೆಯ ಪರಿಸರದಲ್ಲಿ ಬೆಳೆದವಳು. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ನೂರು ದಾಟಿದ ವಯಸ್ಸಿನಲ್ಲೂ ಮಕ್ಕಳ ಊಟದ ವ್ಯವಸ್ಥೆಯನ್ನು ವಿಚಾರಿಸುತ್ತಿದ್ದುದನ್ನು ಈ ಜಿಲ್ಲೆಯಲ್ಲಿ ಕಾಣದವರು ಕಡಿಮೆ. ದಾಸೋಹದ ಮನೆಯಲ್ಲಿ ಮುದ್ದೆ ತೊಳಸುವವರು ಹೊತ್ತಿಗೆ ಸರಿಯಾಗಿ ತೊಳಸುತ್ತಾರೆ, ಮತ್ತು ನಾನು ಉಣಿಸಿದೆ ಎಂದು ಹೇಳಿಕೊಳ್ಳುವುದಿಲ್ಲ. ಕರ್ತೃತ್ವ ಬಿಡುವುದೆಂದರೆ ಹೇಗಿರುತ್ತದೆಂದು ನಾನು ಅಲ್ಲಿ ಕಂಡಿದ್ದೇನೆ. ನಿಮ್ಮ ತಮ್ಮನವರು ಸೊಪ್ಪು ಹಾಕಿ, ಹಾಕಿದೆ ಎಂಬುದನ್ನು ಮರೆತಿದ್ದರೆ ಅದನ್ನು ನಾನು ಆಧ್ಯಾತ್ಮವೆಂದು ಒಪ್ಪುತ್ತಿದ್ದೆ.

ಉತ್ತರ: ನರಸಿಂಹತೀರ್ಥ, ಮುಳಬಾಗಿಲು

ಮೇಷ್ಟ್ರೇ, ತಾವು ಭಾಷ್ಯವನ್ನು ಪ್ರಾಮಾಣಿಕವಾಗಿ ವಿವರಿಸಿದ್ದೀರಿ. ಆದರೂ ಶ್ರೀಪಾದರಾಜರ ಬೃಂದಾವನದ ಊರಿನವನಾಗಿ, ಮಾಧ್ವ ಸಂಪ್ರದಾಯದಲ್ಲಿ ಬೆಳೆದವನಾಗಿ ಒಂದು ಆಕ್ಷೇಪವನ್ನು ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಅದ್ವೈತಿಗಳಾದ ವಿದ್ಯಾರಣ್ಯರಿಗೂ ನಮ್ಮ ಮಾಧ್ವರಾದ ಅಕ್ಷೋಭ್ಯತೀರ್ಥರಿಗೂ ವಾದ ನಡೆದದ್ದು ನಮ್ಮ ಊರಿನಲ್ಲೇ ಎಂದು ನಮ್ಮ ಸಂಪ್ರದಾಯದವರು ಹೇಳುತ್ತಾರೆ. ಆದ್ದರಿಂದ ಇಂಥ ವಾದಗಳು ನಮ್ಮ ಕಡೆ ಹೊಸವಲ್ಲ, ವೈರದಿಂದ ನಡೆಯಬೇಕಾದವೂ ಅಲ್ಲ.

"ಕರ್ತಾ ಶಾಸ್ತ್ರಾರ್ಥವತ್ತ್ವಾತ್" ಎಂಬ ಅದೇ ಸೂತ್ರವನ್ನು ಮಧ್ವಾಚಾರ್ಯರೂ ವ್ಯಾಖ್ಯಾನಿಸಿದ್ದಾರೆ. ಅವರ ಮತದಲ್ಲಿ ಸ್ವತಂತ್ರ ತತ್ತ್ವ ವಿಷ್ಣುವೊಬ್ಬನೇ, ಉಳಿದದ್ದೆಲ್ಲ ಅಸ್ವತಂತ್ರ. ಆದರೆ ಅಸ್ವತಂತ್ರವಾದದ್ದು ಸುಳ್ಳಲ್ಲ. ಜೀವನ ಕರ್ತೃತ್ವ ಹರಿಯ ಅಧೀನ, ಆದರೂ ನಿಜವಾದದ್ದು. ಇಂದು ಮಾತ್ರವಲ್ಲ, ಮೋಕ್ಷದಲ್ಲೂ ನಿಜ. ಅದ್ವೈತದಲ್ಲಾದರೋ ಅದು ಉಪಾಧಿಯಿಂದ ತೋರುವಂಥದ್ದು. ಎಂದಾದರೂ ಸುಳ್ಳಾಗಲಿರುವುದನ್ನು ಇಂದು ಹೊಣೆಯೆಂದು ಹೊರಿಸಿದರೆ ಬುದ್ಧಿವಂತನಾದ ಹುಡುಗ ಆ ಕೊನೆಯ ಪುಟವನ್ನೇ ಮೊದಲು ಓದಿಕೊಳ್ಳುತ್ತಾನೆ. ಪ್ರಶ್ನೆ ಕೇಳಿದವರ ತಮ್ಮ ಮಾಡಿರುವುದು ಅದನ್ನೇ. ಅವನನ್ನು ತಡೆಯಲು ಅದ್ವೈತದ ಒಳಗಡೆಯಿಂದ ಗಟ್ಟಿಯಾದ ಕಾರಣ ಸಿಗುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಉತ್ತರ: ನರತಂತು, ತುಮಕೂರು

ನಾನು ವೈದ್ಯ. ವೇದಾಂತದ ಭಾಗಕ್ಕೆ ಕೈ ಹಾಕುವುದಿಲ್ಲ. ಮೆದುಳಿನ ಪ್ರಯೋಗದ ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ಈಚೆಗೆ ಬಹಳ ಸಡಿಲವಾಗಿ ಬಳಸಲಾಗುತ್ತಿದೆ.

ಅಮೆರಿಕದ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕುಳಿತವರು ತಮಗೆ ಮನಸ್ಸು ಬಂದಾಗ ಕೈಯನ್ನು ಸ್ವಲ್ಪ ಅಲ್ಲಾಡಿಸಬೇಕು. ಆ ಮನಸ್ಸು ಬಂದ ಕ್ಷಣದಲ್ಲಿ ಎದುರಿಗಿನ ಗಡಿಯಾರದ ಚುಕ್ಕೆ ಎಲ್ಲಿತ್ತೆಂದು ಹೇಳಬೇಕು. ತಲೆಗೆ ಅಂಟಿಸಿದ ತಂತಿಗಳಿಂದ ಅಳೆದ ವಿದ್ಯುತ್ ಬದಲಾವಣೆ, ಕೈ ಅಲ್ಲಾಡುವುದಕ್ಕೆ ಸುಮಾರು 550 ಮಿಲಿಸೆಕೆಂಡು ಮೊದಲೇ ಶುರುವಾಗಿತ್ತು. ಮನಸ್ಸು ಬಂದದ್ದಾಗಿ ಅವರು ಹೇಳಿದ ಕ್ಷಣ ಸುಮಾರು 200 ಮಿಲಿಸೆಕೆಂಡು ಮೊದಲು. ಇದರಿಂದ ಮೆದುಳೇ ಮೊದಲು ನಿರ್ಧರಿಸುತ್ತದೆ ಎಂಬ ಮಾತು ಹಬ್ಬಿತು. ಲಿಬೆಟ್ ಅವರೇ ಅಷ್ಟು ದೂರ ಹೋಗಿರಲಿಲ್ಲ. ಎದ್ದ ಪ್ರೇರಣೆಯನ್ನು ಕೊನೆಯ ಗಳಿಗೆಯಲ್ಲಿ ತಡೆಯುವ ಶಕ್ತಿ ಪ್ರಜ್ಞೆಗೆ ಇದೆಯೆಂದು ಅವರು ವಾದಿಸಿದರು. 2012ರಲ್ಲಿ ಆರನ್ ಶೂರ್ಗರ್ ಮತ್ತು ಸಂಗಡಿಗರು, ಆ ಮುಂಚಿನ ಏರಿಕೆ ನಿರ್ಧಾರವೇ ಅಲ್ಲದಿರಬಹುದು, ಮೆದುಳಿನಲ್ಲಿ ಸದಾ ಇರುವ ಏರಿಳಿತ ಒಂದು ಮಿತಿಯನ್ನು ಮುಟ್ಟಿದಾಗ ಹಾಗೆ ಕಾಣುತ್ತಿರಬಹುದು ಎಂದು ತೋರಿಸಿದರು.

ಅದಕ್ಕಿಂತ ಮುಖ್ಯವಾದದ್ದು, ಕಾರಣವೇ ಇಲ್ಲದೆ ಕೈ ಅಲ್ಲಾಡಿಸುವುದಕ್ಕೂ, ಹುಳುವಿಗೆ ಹಸಿವಾಗಿದೆ, ಇಂದು ನನ್ನ ಸರದಿ, ಹಾಕದಿದ್ದರೆ ಅಣ್ಣನಿಗೆ ನಷ್ಟ ಎಂದು ಯೋಚಿಸಿ ಏಳುವುದಕ್ಕೂ ಬಹಳ ಅಂತರವಿದೆ. ಎರಡನೆಯದನ್ನು ಆ ಪ್ರಯೋಗ ಪರೀಕ್ಷಿಸಲೇ ಇಲ್ಲ. ಕುಡಿತ ಬಿಡಲು ಬರುವ ರೋಗಿಗಳಿಗೆ ನಾವು ಸಂಜೆ ಹೊತ್ತು ಯಾವ ರಸ್ತೆಯಲ್ಲಿ ಮನೆಗೆ ಹೋಗಬೇಕೆಂಬುದನ್ನು ಬೆಳಿಗ್ಗೆಯೇ ಗೊತ್ತುಮಾಡಿಕೊಳ್ಳಿ ಎನ್ನುತ್ತೇವೆ. ಅಂಗಡಿಯ ಮುಂದೆ ನಿಂತಾಗ ಇಲ್ಲದ ಸ್ವಾತಂತ್ರ್ಯ ಬೆಳಿಗ್ಗೆ ಇರುತ್ತದೆ.

ಪ್ರಶ್ನೆ ಕೇಳಿದವರಿಂದ: ಹಿಪ್ಪುನೇರಳೆ, ಶಿಡ್ಲಘಟ್ಟ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರು ಹೇಳಿದ ಭೋಕ್ತೃತ್ವದ ಪ್ರಶ್ನೆಯನ್ನು ತಮ್ಮನಿಗೆ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಅದನ್ನು ನಾನು ಯೋಚಿಸಿರಲಿಲ್ಲ ಎಂದ. ಆದರೆ ಮರುದಿನ ರಮಣ ಮಹರ್ಷಿಗಳ ಮಾತೊಂದನ್ನು ತೋರಿಸಿದ. ಆಗಬಾರದ್ದು ಎಷ್ಟು ಪ್ರಯತ್ನಿಸಿದರೂ ಆಗದು, ಆಗಬೇಕಾದದ್ದು ಎಷ್ಟು ತಡೆದರೂ ನಿಲ್ಲದು, ಆದ್ದರಿಂದ ಮೌನವಾಗಿರುವುದೇ ಉತ್ತಮ ಎಂದು ಅವರು ತಾಯಿಗೆ ಬರೆದುಕೊಟ್ಟಿದ್ದರಂತೆ. ಇದಕ್ಕೇನು ಹೇಳಲಿ? ಮುಳಬಾಗಿಲಿನವರ ಆಕ್ಷೇಪಕ್ಕೂ ಉತ್ತರ ತಿಳಿಯುವ ಆಸೆಯಿದೆ. ಇನ್ನೊಂದು ಮಾತು: ನನಗೆ ಅವನ ಮೇಲೆ ಕೋಪ ಇನ್ನೂ ಪೂರ್ತಿ ಹೋಗಿಲ್ಲ.

ಉತ್ತರ: ಕೋಲಾರದ ಮೇಷ್ಟ್ರು

ಆ ಮಾತು ನಿಜ. 1898ರಲ್ಲಿ, ಮಗನನ್ನು ಮನೆಗೆ ಕರೆದೊಯ್ಯಲು ತಾಯಿ ಅಳಗಮ್ಮಾಳ್ ತಿರುವಣ್ಣಾಮಲೆಗೆ ಬಂದಾಗ ಮೌನದಲ್ಲಿದ್ದ ರಮಣರು ಬರೆದುಕೊಟ್ಟದ್ದು. ಆದರೆ ಅದು ಯಾರು, ಯಾರಿಗೆ, ಯಾವಾಗ ಹೇಳಿದ್ದು ಎಂಬುದನ್ನು ಬಿಟ್ಟು ಓದಬಾರದು. ಪ್ರಾರಬ್ಧದಂತೆ ದೇಹಕ್ಕೆ ಬರುವುದು ಬಂದೇ ತೀರುತ್ತದೆ ಎಂದು, ಅಳುತ್ತಿರುವ ತಾಯಿಗೆ ಸಮಾಧಾನ ಹೇಳಿದ ಮಾತು ಅದು. ಅದೇ ರಮಣರು ಬದುಕಿನುದ್ದಕ್ಕೂ, ಬಂದವರಿಗೆಲ್ಲ ನಾನು ಯಾರು ಎಂದು ವಿಚಾರ ಮಾಡಿ ಎಂದರು. ವಿಚಾರ ಮಾಡುವುದೂ ಪ್ರಯತ್ನವೇ. ಅವರು ತಮಿಳಿನಲ್ಲಿ ರಚಿಸಿದ ನಲವತ್ತು ಪದ್ಯಗಳ ಕೃತಿಯಲ್ಲಿ, ವಿಧಿ ಹೆಚ್ಚೋ ಮತಿ ಹೆಚ್ಚೋ ಎಂಬ ವಾದ ಆ ಎರಡಕ್ಕೂ ಮೂಲವಾದ ತನ್ನನ್ನು ತಿಳಿಯದವರಿಗೆ ಮಾತ್ರ ಎಂದಿದ್ದಾರೆ. ಗಮನಿಸಿ, ವಿಧಿ ಗೆದ್ದಿತು ಎಂದು ಅಲ್ಲಿ ಹೇಳಿಲ್ಲ. ತನ್ನನ್ನು ತಿಳಿದವನಿಗೆ ಸ್ವತಂತ್ರ ಇಚ್ಛೆಯೂ ಇಲ್ಲ, ವಿಧಿಯೂ ಇಲ್ಲ. ನಿಮ್ಮ ತಮ್ಮನು ಇಚ್ಛೆಯನ್ನು ಮಾತ್ರ ಅಳಿಸಿ ವಿಧಿಯನ್ನು ಉಳಿಸಿಕೊಂಡಿದ್ದಾನೆ; ಎಲ್ಲವೂ ಮೊದಲೇ ಗೊತ್ತಾಗಿದೆ ಎನ್ನುವುದು ಇನ್ನೊಂದು ದ್ವೈತವೇ ಹೊರತು ಅದ್ವೈತವಲ್ಲ.

ತಾತಯ್ಯನವರ ಕಾಲಜ್ಞಾನದ ಬಗ್ಗೆ ಇಷ್ಟೇ ಹೇಳುತ್ತೇನೆ. ಬಳೆ ಮಾರಿಕೊಂಡಿದ್ದ ನಾರಾಯಣಪ್ಪನವರು ಯೋಗಿಯಾದ ಮೇಲೆ ಮುಂದಾಗುವುದನ್ನು ಹೇಳಿದ್ದಲ್ಲದೆ, ತೆಲುಗು ಮತ್ತು ಕನ್ನಡದ ಕೀರ್ತನೆಗಳಲ್ಲಿ ಜನರಿಗೆ ದಾರಿಯನ್ನೂ ಹೇಳಿದರು. ಜನರು ತಿದ್ದಿಕೊಳ್ಳಲಾರರೆಂದು ಅವರು ಭಾವಿಸಿದ್ದರೆ ಬುದ್ಧಿ ಹೇಳುವ ಕೀರ್ತನೆಗಳನ್ನು ಕಟ್ಟುತ್ತಿರಲಿಲ್ಲ.

ಮುಳಬಾಗಿಲಿನ ಮಿತ್ರರ ಆಕ್ಷೇಪ ತೂಕದ್ದು. ಹರಿಯ ಅಧೀನವಾದರೂ ನಿಜವಾದ ಕರ್ತೃತ್ವ ಎಂಬ ಅವರ ನಿಲುವು ಗೃಹಸ್ಥನಿಗೆ ಹೆಚ್ಚು ಸುರಕ್ಷಿತವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದ್ವೈತದ ಒಳಗಡೆಯೇ ತಡೆಯಿದೆ. "ಸಾಧಕನೂ ಇಲ್ಲ, ಮುಮುಕ್ಷುವೂ (ಮೋಕ್ಷ ಬಯಸುವವನೂ) ಇಲ್ಲ, ಮುಕ್ತನೂ ಇಲ್ಲ, ಇದೇ ಪರಮಾರ್ಥ" ಎಂದು ಶಂಕರರ ಪರಮಗುರುಗಳಾದ ಗೌಡಪಾದರ ಕಾರಿಕೆಯಲ್ಲಿದೆಯಷ್ಟೆ. ಅದನ್ನು ಹೇಳುವ ಅಧಿಕಾರ ಯಾರಿಗೆಂದು ಕೇಳಿದರೆ, ವ್ಯವಹಾರ ಬಾಧಿತವಾದವನಿಗೆ, ಎಂದರೆ ದಿನನಿತ್ಯದ ಈ ಲೋಕ ನಿಜವೆಂದು ತೋರುವುದು ನಿಂತುಹೋದವನಿಗೆ. ಯಾರಿಗೆ ಹಸಿವು, ಸಾಲ, ಮಾನ, ಅವಮಾನ ಎಲ್ಲ ನಿಜವಾಗಿ ತೋರುತ್ತಿವೆಯೋ ಅವನಿಗೆ ಸರದಿಯ ಕೆಲಸವೂ ಅಷ್ಟೇ ನಿಜ. ಒಂದನ್ನು ವ್ಯಾವಹಾರಿಕವೆಂದು ಇಟ್ಟುಕೊಂಡು ಇನ್ನೊಂದನ್ನು ಪರಮಾರ್ಥವೆಂದು ತಪ್ಪಿಸಿಕೊಳ್ಳಲು ಭಾಷ್ಯಕಾರರು ಎಲ್ಲಿಯೂ ಬಿಡುವುದಿಲ್ಲ. ಕೊನೆಯ ಪುಟವನ್ನು ಮೊದಲು ಓದಬಹುದು, ಆದರೆ ಅಲ್ಲಿಗೆ ತಲುಪಿದ್ದೇನೆಯೇ ಇಲ್ಲವೇ ಎಂಬುದನ್ನು ಓದುವುದು ತೀರ್ಮಾನಿಸುವುದಿಲ್ಲ, ಭೋಗ ತೀರ್ಮಾನಿಸುತ್ತದೆ. ವೈದ್ಯರು ಹೇಳಿದ ತಡೆಯುವ ಶಕ್ತಿಯನ್ನೂ, ಸಂಜೆಯ ರಸ್ತೆಯನ್ನು ಬೆಳಿಗ್ಗೆ ಗೊತ್ತುಮಾಡುವುದನ್ನೂ ಓದಿದಾಗ ನನಗೆ ಗೀತೆಯ 3.34ರ ಭಾಷ್ಯವೇ ನೆನಪಾಯಿತು. ಹಾಗೆಂದು ಮೆದುಳಿನ ಪ್ರಯೋಗದಿಂದ ವೇದಾಂತಕ್ಕೆ ಸಾಕ್ಷಿ ಹುಡುಕುವವನು ನಾನಲ್ಲ, ಅಳೆಯಲ್ಪಡುವುದೆಲ್ಲ ದೃಶ್ಯದ, ಎಂದರೆ ನೋಡಲ್ಪಡುವುದರ, ಕಡೆಗೇ ಸೇರುತ್ತದೆ, ನೋಡುವ ಆತ್ಮನ ಕಡೆಗಲ್ಲ.

ಇನ್ನು ನಿಮ್ಮ ಕೋಪ. ಅದಕ್ಕೆ ಗೀತೆಯ ಹದಿನೆಂಟನೆಯ ಅಧ್ಯಾಯದ 14ನೆಯ ಶ್ಲೋಕವನ್ನು ನೋಡಬೇಕು. ಯಾವ ಕೆಲಸಕ್ಕಾದರೂ ಐದು ಕಾರಣಗಳು: ದೇಹವೆಂಬ ಆಶ್ರಯ, ಕರ್ತೃ, ಬೇರೆ ಬೇರೆ ಕರಣಗಳು, ನಾನಾ ಬಗೆಯ ಚೇಷ್ಟೆಗಳು, ಐದನೆಯದು ದೈವ. ಕರ್ತೃ ಆ ಪಟ್ಟಿಯಲ್ಲಿದ್ದಾನೆ. ಆದ್ದರಿಂದ ತಮ್ಮನಿಗೆ ಹೊಣೆಯಿಲ್ಲ ಎನ್ನಲಾಗದು. ಆದರೆ ಅವನು ಐದರಲ್ಲಿ ಒಬ್ಬ. ಆದ್ದರಿಂದ ಆ ರಾತ್ರಿ ನಡೆದದ್ದಕ್ಕೆಲ್ಲ ಅವನೊಬ್ಬನೇ ಮೂಲವೆಂದು ಹಿಡಿದುಕೊಂಡು ಕುದಿಯುವುದಕ್ಕೂ ಆಧಾರವಿಲ್ಲ. ಅವನ ದಣಿವು, ಕೇಳಿದ ಪ್ರವಚನ, ನಿಮ್ಮಿಬ್ಬರ ಸರದಿಯ ಏರ್ಪಾಡು ಎಲ್ಲವೂ ಅದರೊಳಗೆ ಸೇರಿವೆ. ನಾಳೆಯಿಂದ ಸೊಪ್ಪು ಹಾಕು ಎಂದು ಗಟ್ಟಿಯಾಗಿ ಹೇಳಿ, ಹೇಳುವ ಪೂರ್ಣ ಅಧಿಕಾರ ನಿಮಗಿದೆ. ಹೃದಯದಲ್ಲಿ ನಿಂತು ಎಲ್ಲರನ್ನೂ ತಿರುಗಿಸುವವನು ಈಶ್ವರ ಎಂದು 61ನೆಯ ಶ್ಲೋಕದಲ್ಲಿ ಹೇಳಿದ ಕೃಷ್ಣನೇ, 63ರಲ್ಲಿ ಚೆನ್ನಾಗಿ ವಿಮರ್ಶಿಸಿ ನಿನಗೆ ಇಷ್ಟವಾದಂತೆ ಮಾಡು ಎಂದು ಅರ್ಜುನನಿಗೆ ಬಿಟ್ಟನಲ್ಲ.

ಸಾಧ್ಯವಾದರೆ ಇಬ್ಬರೂ ಸೇರಿ ಮೂರನೆಯ ಮತ್ತು ಹದಿನೆಂಟನೆಯ ಅಧ್ಯಾಯಗಳ ಶಾಂಕರಭಾಷ್ಯವನ್ನು ಕನ್ನಡದಲ್ಲಿ ಓದಿ. ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದವರು ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳ ಅನುವಾದವನ್ನು ಪ್ರಕಟಿಸಿದ್ದಾರೆ. ಓದುವಾಗ ಹದಿನೆಂಟರ 17ನೆಯ ಶ್ಲೋಕ ಬರುತ್ತದೆ, ತಮ್ಮ ಅದನ್ನು ಖಂಡಿತ ಎತ್ತುತ್ತಾನೆ: ಈ ಲೋಕಗಳನ್ನೆಲ್ಲ ಕೊಂದರೂ ಅವನು ಕೊಂದವನಲ್ಲ, ಬಂಧನಕ್ಕೆ ಒಳಗಾಗುವುದಿಲ್ಲ ಎಂದು. ಆಗ ಆ ಶ್ಲೋಕದ ಮೊದಲ ಅರ್ಧವನ್ನು ಅವನಿಂದಲೇ ಓದಿಸಿ. ಯಾವನಿಗೆ ನಾನು ಮಾಡಿದೆ ಎಂಬ ಭಾವವಿಲ್ಲವೋ, ಯಾವನ ಬುದ್ಧಿಗೆ ಲೇಪ, ಎಂದರೆ ಅಂಟು, ಇಲ್ಲವೋ ಎಂದು ಅಲ್ಲಿ ಎರಡು ಮಾತುಗಳಿವೆ. ಮೊದಲನೆಯದನ್ನು ತಮ್ಮ ಒಪ್ಪಿಕೊಂಡಿದ್ದಾನೆ. ಎರಡನೆಯದರ ಬಗ್ಗೆ ಅವನ ಜೊತೆ ಕುಳಿತು ಮಾತನಾಡಿ.